ಪತ್ತನಾಜೆ ಕಳೆದ ವಾರ, ಸೀತಾಳೆ ದಂಡೆಯ ದಾರಿಯಲ್ಲಿ

ಮೊದಲನೇ ದಿನ: ಉಡುಪಿ, ಹಿರಿಯಡಕ, ಪೆರ್ಡೂರು

ತುಳುನಾಡಿನಲ್ಲಿ ಆಟ, ಕೋಲಗಳ ಹಂಗಾಮು ಮುಗಿಯುವ ದಿನ ಪತ್ತನಾಜೆ. ಅದು ಕಳೆದು ಮೂರು ದಿನ ಆಗಿತ್ತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ್ದವು, ದೈವಗಳ ಕೋಲ ನೇಮಗಳು ಮುಗಿದಿದ್ದವು. ಮಳೆಗಾಲ ಮಾತ್ರ ಇನ್ನೂ ಹಿಡಿದಿರಲಿಲ್ಲ. ಸಂಜೆಗೊಂದು ಗುಡುಗು, ಅರ್ಧ ಗಂಟೆ ಮಳೆ, ಬೆಳಗಾದರೆ ಮತ್ತೆ ಅದೇ ಸೆಕೆ. ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ, ಅದರ ಜೋಲುವ ಹೂಗೊಂಚಲೇ ಸೀತಾಳೆ ದಂಡೆ. ಕರಾವಳಿಯಲ್ಲಿ ಅದನ್ನು ನೋಡುವುದಿದ್ದರೆ ಇದೇ ಸರಿಯಾದ ಹೊತ್ತು. ಮುಂಗಾರು ಹಿಡಿದು ದಿನವಿಡೀ ಸುರಿಯತೊಡಗಿದರೆ ಗೊಂಚಲು ನೀರು ಕುಡಿದು, ಕಂದುಬಣ್ಣಕ್ಕೆ ತಿರುಗಿ ಉದುರಿಹೋಗುತ್ತದೆ.

ಮಣಿಪಾಲ, ಪರ್ಕಳ ದಾಟಿ ಹಿರಿಯಡಕದ ಕಡೆ ಹೊರಟರೆ ರಸ್ತೆ ಬದಿಯಲ್ಲಿ ಉಳಿದಿರುವ ಹಳೇ ಮಾವು, ಹಲಸಿನ ಮರಗಳೇ ಮೊದಲ ನಿಲ್ದಾಣ. ಕಾರಿನ ಕಿಟಕಿಯಿಂದ ಇವು ಕಣ್ಣಿಗೆ ಬೀಳುವುದಿಲ್ಲ, ಇಳಿದು ನಡೆಯಬೇಕು. ಕಣ್ಣಿಡಬೇಕಾದ್ದು ಮರದ ಮೊದಲ ಕವಲಿನ ಆಸುಪಾಸಿನಲ್ಲಿ. ನೆಲದಿಂದ ಹತ್ತಿಪ್ಪತ್ತು ಅಡಿ ಎತ್ತರ, ಕೊಂಬೆ ದಪ್ಪವಿದ್ದು ತೊಗಟೆ ಒರಟಾಗಿರುವ, ಬೆಳಗಿನ ಬಿಸಿಲು ಸೋಸಿ ಬೀಳುವ ಜಾಗ. ಏಳು ಗಂಟೆಯಿಂದ ಹತ್ತರವರೆಗಿನ ಬೆಳಕು ಒಳ್ಳೆಯದು. ಆಮೇಲೆ ಆಕಾಶ ಬೆಳ್ಳಗಾಗಿ, ಬಿಳಿ ಹೂ ಅದರಲ್ಲಿ ಕರಗಿಬಿಡುತ್ತದೆ. 8 ಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್ ಇದ್ದರೆ ಮರ ಹತ್ತುವ ಅಗತ್ಯವೇ ಇಲ್ಲ.

ಹಿರಿಯಡಕಕ್ಕೆ ಸ್ವಲ್ಪ ಮೊದಲು ಒಂದು ಕಾಟುಮಾವಿನ ಮರದಲ್ಲಿ ಏಳು ದಂಡೆಗಳು ಒಟ್ಟಿಗೆ ಜೋತುಬಿದ್ದಿದ್ದವು. ಒಂದೊಂದೂ ಗೇಣಿಗಿಂತ ಉದ್ದ. ದಂಡೆ ಎಂದರೆ ನಮ್ಮಲ್ಲಿ ಮುಡಿಯುವ ಹೂವಿನ ಮಾಲೆ. ಸೀತೆ ವನವಾಸದಲ್ಲಿ ಮುಡಿದದ್ದು ಅನ್ನುವ ನೆನಪು ಹೆಸರಿನಲ್ಲೇ ಇದೆ. ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ಅಸ್ಸಾಮಿನವರಿಗೆ ಇದು ಕೊಪೌ ಫೂಲ್, ಅವರ ರಾಜ್ಯಪುಷ್ಪ. ಬಿಹುವಿಗೆ ಹೆಣ್ಣುಮಕ್ಕಳು ಇದನ್ನೇ ಮುಡಿಯುತ್ತಾರೆ. ಒಂದು ಗೊಂಚಲಿನಲ್ಲಿ ನೂರಕ್ಕೂ ಹೆಚ್ಚು ಹೂ ಇರಬಹುದು. ಹೂ ಒಂದೊಂದೂ ಬೆರಳಿನ ಉಗುರಿನಷ್ಟು. ಬಿಳಿ ಎಸಳಿನ ಮೇಲೆ ನೇರಳೆ–ಗುಲಾಬಿ ಚುಕ್ಕಿ, ನಡುವೆ ಗಾಢ ಬಣ್ಣದ ತುಟಿ, ಆ ತುಟಿಯ ಹಿಂದೆ ಪುಟ್ಟ ಚೀಲ. ಎಲೆ ಪಟ್ಟಿಯಂತೆ ಉದ್ದ, ನಡುವೆ ದೋಣಿಯ ಹಾಗೆ ಮಡಚಿಕೊಂಡಿರುತ್ತದೆ. ಎಲೆಯ ತುದಿ ಯಾರೋ ಕಚ್ಚಿದಂತೆ ಎರಡಾಗಿರುತ್ತದೆ. ಹೂವಿಲ್ಲದ ಕಾಲದಲ್ಲಿ ಗುರುತು ಹಿಡಿಯಲಿಕ್ಕೆ ಈ ತುದಿ ಸಹಾಯಕ್ಕೆ ಬರುತ್ತದೆ.

ಯಾವ ಮರದಲ್ಲಿ ಉಂಟು, ಯಾವುದರಲ್ಲಿ ಇಲ್ಲ ಅನ್ನುವುದನ್ನು ದಾರಿಯುದ್ದಕ್ಕೂ ಗಮನಿಸುತ್ತಾ ಹೋದರೆ ಒಂದು ಲೆಕ್ಕ ಸಿಗುತ್ತದೆ. ಮಾವು, ಹಲಸು, ಮತ್ತಿ, ಕಿಂದಳದಲ್ಲಿ ಧಾರಾಳ. ಪಕ್ಕದಲ್ಲೇ ನಿಂತ ನಂದಿ ಮರದಲ್ಲಿ ಒಂದೂ ಇಲ್ಲ. ನಂದಿ ತನ್ನ ತೊಗಟೆಯನ್ನು ಹಾಳೆ ಹಾಳೆಯಾಗಿ ಕಳಚಿಕೊಳ್ಳುವ ಮರ. ಬೀಜ ಬಿದ್ದು ಮೊಳೆತು ಬೇರು ಬಿಡಲು ವರ್ಷಗಳು ಬೇಕು, ಅಷ್ಟರೊಳಗೆ ಕಾಲಡಿಯ ನೆಲವೇ ಕಳಚಿ ಬೀಳುತ್ತದೆ. ಪೇರಳೆ ಮರದ್ದೂ ಇದೇ ಕತೆ. ಮಾವಿನ ತೊಗಟೆಯ ಬಿರುಕಿನಲ್ಲಿ ಪಾಚಿ, ಧೂಳು, ತೇವ ನಿಲ್ಲುತ್ತವೆ. ಆ ಬಿರುಕಿನಲ್ಲೇ ಇನ್ನೊಂದು ಜೀವವೂ ಕಾದಿರುತ್ತದೆ, ಅದರ ಮಾತು ಮೂರನೇ ದಿನಕ್ಕೆ.

ರಸ್ತೆ ಬದಿಯ ಗೂಡಂಗಡಿಯಲ್ಲಿ ಪುನರ್ಪುಳಿ ಶರಬತ್ತು ಕುಡಿಯುತ್ತಿದ್ದಾಗ ಅಂಗಡಿಯವರು ಕೇಳಿದರು, "ಎಂತ ನೋಡುದು ನೀವು ಮರದಲ್ಲಿ?" ದಂಡೆ ತೋರಿಸಿದೆವು. "ಅದಾ? ಬಂದಳಿಕೆ ಅಲ್ವಾ ಮಾರ್ರೆ ಅದು? ಮರವನ್ನೇ ತಿನ್ನುದು. ನಮ್ಮ ಮನೆಯ ಮಾವಿನಿಂದ ಎಲ್ಲ ಕಡಿಸಿ ಹಾಕಿದ್ದೇನೆ."

ಈ ಮಾತು ಈ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಕೇಳಿಬರುತ್ತದೆ, ಇದರಿಂದ ಎಷ್ಟೋ ಸೀತಾಳೆಗಳು ಕತ್ತಿಯ ಬಾಯಿಗೆ ಹೋಗಿವೆ. ಅದೇ ಮರದ ಇನ್ನೊಂದು ಕೊಂಬೆಯಲ್ಲಿ ನಿಜವಾದ ಬಂದಳಿಕೆಯೂ ಇತ್ತು, ಹಾಗಾಗಿ ಎರಡನ್ನೂ ಅಕ್ಕಪಕ್ಕ ತೋರಿಸಲಿಕ್ಕಾಯಿತು. ಬಂದಳಿಕೆ ಕೊಂಬೆಗೆ ಸೇರುವಲ್ಲಿ ಗಂಟು ಕಟ್ಟಿರುತ್ತದೆ. ಅದರ ಬೇರು ತೊಗಟೆ ಸೀಳಿ ಕಟ್ಟಿಗೆಯೊಳಗೆ ಇಳಿದು, ಮರದ ನೀರು ಹೀರುತ್ತದೆ. ಕೊಂಬೆ ಮುರಿದರೂ ಅದನ್ನು ಬಿಡಿಸಲಿಕ್ಕಾಗುವುದಿಲ್ಲ. ಅದರ ಅಂಟು ಬೀಜವನ್ನು ಕೊಂಬೆಯಿಂದ ಕೊಂಬೆಗೆ ಒಯ್ಯುವುದು ಬದನಿಕೆ ಅನ್ನುವ ಗುಬ್ಬಿಗಿಂತಲೂ ಚಿಕ್ಕ ಹಕ್ಕಿ. ಸೀತಾಳೆಯ ಬೇರು ತೊಗಟೆಯ ಮೇಲೆ ಅಪ್ಪಿ ಕೂತಿರುತ್ತದೆಯೇ ಹೊರತು ಒಳಗೆ ಇಳಿಯುವುದೇ ಇಲ್ಲ. ಮರದಿಂದ ಅದಕ್ಕೆ ಬೇಕಾದ್ದು ನಿಲ್ಲಲು ಜಾಗ ಮತ್ತು ಬೆಳಕು. ನೀರು ಮಳೆಯಿಂದ, ಗೊಬ್ಬರ ತೊಗಟೆಯಲ್ಲಿ ಇಳಿದು ಬರುವ ಧೂಳು, ಎಲೆಕೊಳೆ, ಹಿಕ್ಕೆಗಳಿಂದ.

ತಂತಿ ಲೈನಿಗೆ ತಾಗುತ್ತದೆಂದು ಕಡಿದು ಹಾಕಿದ ಕೊಂಬೆಗಳು ಅಂಗಡಿಯ ಆಚೆ ರಾಶಿ ಬಿದ್ದಿದ್ದವು. ಅದರಲ್ಲಿ ನಾಲ್ಕು ಸೀತಾಳೆ ಗಿಡಗಳು. ಒಂದರ ಬೇರಿನ ಮೇಲೆ ಬಾಟಲಿಯ ನೀರು ಹನಿಸಿದೆವು. ಬೂದಿಬಣ್ಣದ, ಸತ್ತಂತೆ ಕಾಣುತ್ತಿದ್ದ ಬೇರು ನೋಡನೋಡುತ್ತಲೇ ಹಸಿರಾಯಿತು. ಹೊರಗಿರುವುದು ಸತ್ತ ಜೀವಕೋಶಗಳ ಸ್ಪಂಜಿನಂಥ ಪದರ. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ತುಂಬಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಹತ್ತು ನಿಮಿಷದ ಮಳೆಯ ನೀರನ್ನೂ ಹಿಡಿದಿಡುವ ವ್ಯವಸ್ಥೆ ಇದು. ಅಂಗಡಿಯವರು ಬಾಟಲಿ ಕೈಗೆ ತೆಗೆದುಕೊಂಡು ತಾವೇ ಎರಡು ಸಲ ಹನಿಸಿ ನೋಡಿದರು. ಗಿಡ ಒಂದು ಅವರಿಗೆ, ಉಳಿದ ಮೂರು ನಮ್ಮ ಗೋಣಿಗೆ. ಬೇರಿಗೆ ಅಂಟಿದ ತೊಗಟೆಯನ್ನೂ ಸೇರಿಸಿಯೇ ಕತ್ತಿಯಲ್ಲಿ ಎಬ್ಬಿಸಿಕೊಂಡೆವು. ಎಳೆದು ಕಿತ್ತರೆ ಬೇರಿನ ತುದಿ ಮುರಿಯುತ್ತದೆ.

ಪೆರ್ಡೂರಿನಲ್ಲಿ ಗೋಳಿಬಜೆ ತಿನ್ನುವಾಗ ಗುಡುಗು ಶುರುವಾಯಿತು. ಹೆಬ್ರಿ ತಲಪುವಾಗ ವೈಪರ್ ಹಾಕಿದರೂ ರಸ್ತೆ ಕಾಣದಂಥ ಮಳೆ.

ಎರಡನೇ ದಿನ: ಹೆಬ್ರಿಯ ತೋಟ

ಬೆಳಿಗ್ಗೆ ನೀರುದೋಸೆ, ಬೆಲ್ಲ ಕಾಯಿಸುಳಿ. ಉಳಿದುಕೊಂಡಿದ್ದ ಮನೆಯ ಹಿಂದೆಯೇ ಅಡಿಕೆ ತೋಟ, ತೋಟದ ಅಂಚಿನಲ್ಲಿ ಭಾರೀ ಹಲಸು. ಅದರ ಮೈಯಲ್ಲಿ ಸಿಂಬಿಡಿಯಂ ಎಂಬ ಇನ್ನೊಂದು ಆರ್ಕಿಡ್. ದಪ್ಪ, ಚರ್ಮದಂಥ ಎಲೆಗಳ ದೊಡ್ಡ ಪೊದೆ. ಇದರ ಹೂವಿನ ಕಾಲ ಮುಗಿಯುತ್ತಾ ಬಂದಿತ್ತು, ಕೊನೆಯ ಎರಡು ಗೊಂಚಲು ಮಾತ್ರ ಕೆಳಗೆ ಇಳಿಬಿದ್ದಿದ್ದವು. ಮಾಸಲು ಹಳದಿ ಎಸಳು, ನಡುವೆ ಉದ್ದಕ್ಕೆ ಕಡುಗೆಂಪು ಪಟ್ಟೆ.

ಗೊಂಚಲು ಎದೆಮಟ್ಟಕ್ಕೇ ಇದ್ದುದರಿಂದ ಹತ್ತಿರದಿಂದ ನೋಡಲಿಕ್ಕಾಯಿತು. ಮೊಗ್ಗಿನ ತೊಟ್ಟಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಹನಿ ಮಿನುಗುತ್ತಿತ್ತು. ನಾಲಗೆಗೆ ತಾಗಿಸಿದರೆ ಸಿಹಿ. ಅದನ್ನು ನೆಕ್ಕಲು ಕಪ್ಪಿರುವೆಗಳ ಸಾಲು. ಹೂವಿನ ಒಳಗೆ ಹುಡುಕಿದರೆ ಮಕರಂದವೇ ಇಲ್ಲ! ಜಗತ್ತಿನ ಆರ್ಕಿಡ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಹೀಗೆ, ಬಣ್ಣ, ವಾಸನೆ ತೋರಿಸಿ ಹುಳವನ್ನು ಕರೆದು ಬರಿಗೈಯಲ್ಲಿ ಕಳಿಸುವಂಥವು. ಸಿಹಿಯನ್ನು ಹೂವಿನಲ್ಲಿಡದೆ ತೊಟ್ಟಿನಲ್ಲಿ ಇಟ್ಟದ್ದಕ್ಕೆ ಕಾರಣ ಇದೆ. ಇರುವೆ ಮೊಗ್ಗಿನ ಮೇಲೆ ಓಡಾಡುತ್ತಿದ್ದರೆ ಮೊಗ್ಗು ಕೊರೆಯುವ ಹುಳಕ್ಕೆ ಅಲ್ಲಿ ಕೂರಲಿಕ್ಕಾಗುವುದಿಲ್ಲ. ಕಾವಲಿಗೆ ಕೊಡುವ ಸಂಬಳ ಅದು. ಬೇರಿನ ಮುದ್ದೆಯೊಳಗೆ ಇರುವೆಗಳು ಗೂಡನ್ನೂ ಮಾಡಿದ್ದವು. ಅವು ಎಳೆದು ತಂದ ಕಸವೆಲ್ಲ ಕೊಳೆತು ಬೇರಿಗೇ ಸೇರುತ್ತದೆ.

ಎಲ್ಲ ಹುಳಕ್ಕೂ ಈ ಕಾವಲು ನಡೆಯುವುದಿಲ್ಲ. ಆರ್ಕಿಡ್ ಟಿಟ್ ಎಂಬ ಪುಟ್ಟ ನೀಲಿ ಚಿಟ್ಟೆ ಪಶ್ಚಿಮಘಟ್ಟದಲ್ಲಿದೆ. ಅದರ ಮರಿಹುಳು ಆರ್ಕಿಡ್‌ಗಳ ಮೊಗ್ಗು, ಹೂ ತಿಂದೇ ಬೆಳೆಯಬೇಕು. ಮೊಗ್ಗಿನಲ್ಲಿ ದುಂಡಗಿನ ತೂತು ಕಂಡ ಕೂಡಲೇ ಔಷಧಿ ಹೊಡೆಯಲು ಹೊರಡಬಾರದು. ನಾಲ್ಕು ಹೂ ಹೋದರೆ ಗಿಡ ಸಾಯುವುದಿಲ್ಲ, ಆದರೆ ಆ ಚಿಟ್ಟೆಗೆ ಬದಲಿ ಊಟ ಇಲ್ಲ. ನಿಜವಾಗಿ ಗಿಡವನ್ನು ಹಾಳುಮಾಡುವುದು ಮಳೆಗಾಲದ ಬಸವನಹುಳು. ರಾತ್ರಿ ಬಂದು ಹೊಸ ಬೇರಿನ ಹಸಿರು ತುದಿಯನ್ನೇ ತಿಂದು ಹೋಗುತ್ತದೆ. ಅದನ್ನು ಟಾರ್ಚ್ ಹಿಡಿದು ಕೈಯಲ್ಲೇ ಹೆಕ್ಕಬೇಕು.

ನಿನ್ನೆ ತಂದ ಗಿಡದಿಂದ ಬಿದ್ದ ಒಂದು ಹೂವನ್ನು ತೆಗೆದುಕೊಂಡು, ಹಿಡಿಸೂಡಿಯ ಕಡ್ಡಿಯ ತುದಿಯಿಂದ ಹೂವಿನ ನಡುವಿನ ಕಂಬದ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲ ಒತ್ತಿದೆವು. ಕಡ್ಡಿ ಎಳೆದಾಗ ಅದರ ತುದಿಗೆ ಎರಡು ಹಳದಿ ಉಂಡೆಗಳು ಒಂದು ತೆಳ್ಳನೆ ಕಾಲಿನ ಮೇಲೆ ನಿಂತು ಬಂದವು. ಬೇರೆ ಹೂಗಳಲ್ಲಿ ಪುಡಿಯಾಗಿ ಉದುರುವ ಪರಾಗ ಇಲ್ಲಿ ಇಡೀ ಪೊಟ್ಟಣ. ಕಾಲಿನ ಬುಡದಲ್ಲಿ ಅಂಟು ಇದೆ, ಅದು ಹುಳದ ಮೈಗೆ ಹಿಡಿದುಕೊಳ್ಳುತ್ತದೆ. ಡಾರ್ವಿನ್ ಪೆನ್ಸಿಲ್ ಮೊನೆಯಲ್ಲಿ ಮಾಡಿ ನೋಡಿದ್ದೂ ಇದನ್ನೇ. ಒಂದೇ ಸಲ ಸರಿಯಾದ ಹುಳ ಬಂದು ಸರಿಯಾದ ಜಾಗದಲ್ಲಿ ಈ ಪೊಟ್ಟಣ ಇಟ್ಟರೆ ಸಾವಿರಗಟ್ಟಲೆ ಬೀಜಕ್ಕೆ ಸಾಕು. ಬಾರದಿದ್ದರೆ ಒಂದು ಬೀಜವೂ ಇಲ್ಲ. ಸುಮ್ಮನೆ ಕುತೂಹಲಕ್ಕೆ ಮರದಲ್ಲಿರುವ ಹೂವಿನ ಮೇಲೆ ಈ ಪ್ರಯೋಗ ಮಾಡಬಾರದು, ಪೊಟ್ಟಣ ತೆಗೆದರೆ ಆ ಹೂ ಇನ್ನೊಂದು ಹೂವಿಗೆ ಕೊಡಲು ಏನೂ ಉಳಿಯುವುದಿಲ್ಲ.

ಮನೆಯ ಅಮ್ಮ ಇದನ್ನು ನೋಡುತ್ತಾ ನಿಂತಿದ್ದರು. "ಇದು ನಂಗೆ ಗೊತ್ತುಂಟು. ವೆನಿಲ್ಲಾಕ್ಕೆ ನಾನೇ ಮಾಡ್ತಿದ್ದದ್ದು. ದಿನಕ್ಕೆ ಇನ್ನೂರು, ಮುನ್ನೂರು ಹೂ. ಬೆಳಿಗ್ಗೆ ಆರು ಗಂಟೆಗೆ ತೋಟಕ್ಕೆ ಇಳಿದ್ರೆ ಹನ್ನೊಂದಾಗ್ತಿತ್ತು."

ವೆನಿಲ್ಲಾ ಕೂಡ ಆರ್ಕಿಡ್ಡೇ, ಮೆಕ್ಸಿಕೋ ಕಡೆಯ ಕಾಡಿನ ಬಳ್ಳಿ. ಗಿಡವನ್ನು ತಂದರೂ ಅಲ್ಲಿನ ಜೇನನ್ನು ಯಾರೂ ತರಲಿಲ್ಲ. ಹಾಗಾಗಿ ಬೇರೆ ದೇಶಗಳಲ್ಲಿ ಬಳ್ಳಿ ಹೂ ಬಿಟ್ಟಿತೇ ಹೊರತು ಕೋಡು ಕಟ್ಟಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕೈಯಲ್ಲೇ ಪರಾಗಸ್ಪರ್ಶ ಮಾಡುವ ಸುಲಭ ಕ್ರಮ ತೋರಿಸಿಕೊಟ್ಟ. ಹೆಬ್ರಿಯ ಅಮ್ಮನ ಬೆರಳಿನಲ್ಲಿರುವುದೂ ಅದೇ ಕ್ರಮ. ಬಾಡಿದ ಒಂದು ಹೂವಿಟ್ಟುಕೊಂಡು ತೋರಿಸಿದರು. ಎಡಗೈಯಲ್ಲಿ ಹೂ ಹಿಡಿದು, ತುಟಿಯನ್ನು ಕಡ್ಡಿಯಲ್ಲಿ ಸೀಳಿ ಕೆಳಗೆ ಸರಿಸಬೇಕು. ಪರಾಗಕ್ಕೂ ಅದನ್ನು ಸ್ವೀಕರಿಸುವ ಶಲಾಕಾಗ್ರಕ್ಕೂ ನಡುವೆ ಇರುವ ಪುಟ್ಟ ಪರದೆಯನ್ನು ಕಡ್ಡಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲ ಒತ್ತಬೇಕು. ಹೂ ಅರಳುವುದು ಮುಂಜಾನೆ, ಮಧ್ಯಾಹ್ನಕ್ಕೆ ಮುಗಿಯಿತು. ಹಿಡಿದಿದ್ದರೆ ಹೂ ಗೊಂಚಲಿನಲ್ಲೇ ಒಣಗುತ್ತದೆ, ಇಲ್ಲವಾದರೆ ಮರುದಿನ ಉದುರುತ್ತದೆ. ಕೋಡು ಬಲಿಯಲು ಸುಮಾರು 9 ತಿಂಗಳು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದು, ತೋಟಕ್ಕೆ ರಾತ್ರಿ ಕಾವಲು ಕೂರುವ ಕಾಲವೂ ಇತ್ತು. ಆಮೇಲೆ ಬೆಲೆ ನೆಲಕಚ್ಚಿತು, ಬೇರುಕೊಳೆಯೂ ಬಂತು. ಈಗ ಒಂದೆರಡು ಬಳ್ಳಿ ಗೊಬ್ಬರದ ಗಿಡಕ್ಕೆ ಹಬ್ಬಿಕೊಂಡಿವೆ.

ಮಧ್ಯಾಹ್ನ ಹಲಸಿನ ಹಣ್ಣಿನ ಗಟ್ಟಿ, ಕಾಟುಮಾವಿನ ಗೊಜ್ಜು. ಊಟವಾದ ಮೇಲೆ ಮೂರು ಗಿಡಗಳನ್ನೂ ಅಂಗಳದಂಚಿನ ಮಾವಿಗೆ ಕಟ್ಟಿದೆವು. ಮೊದಲು ಬೇರುಗಳನ್ನು ಒಂದೊಂದಾಗಿ ಹಿಚುಕಿ ನೋಡಬೇಕು. ಗಟ್ಟಿಯಿದ್ದರೆ ಜೀವ ಇದೆ. ಟೊಳ್ಳಾಗಿ, ನೂಲಿನಂಥ ಎಳೆ ಮಾತ್ರ ಉಳಿದಿದ್ದರೆ ಸತ್ತಿದೆ, ಅಂಥದ್ದನ್ನು ಕತ್ತರಿಸಬಹುದು. ಒಣಗಿ ಬೆಳ್ಳಗಾದದ್ದೆಲ್ಲ ಸತ್ತದ್ದಲ್ಲ. ಗಿಡವನ್ನು ಒರಟು ತೊಗಟೆಗೆ ಒರಗಿಸಿ, ಎಲೆಗಳ ನಡುವೆ ಮಳೆನೀರು ನಿಲ್ಲದಂತೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಹಳೇ ಪಂಚೆಯ ಚಿಂದಿಯಿಂದಲೋ ತೆಂಗಿನ ನಾರಿನ ಹಗ್ಗದಿಂದಲೋ ಎರಡು ಕಡೆ ಬಿಗಿಯಬೇಕು. ಬಿಗಿ ಎಂದರೆ ಗಾಳಿಗೆ ಅಲುಗಬಾರದು, ಅಷ್ಟೇ. ಅಲುಗಾಡುವ ಗಿಡದ ಹೊಸ ಬೇರು ತೊಗಟೆಗೆ ಹಿಡಿಯುವ ಮೊದಲೇ ತುದಿ ಉಜ್ಜಿಹೋಗುತ್ತದೆ. ಪ್ಲಾಸ್ಟಿಕ್ ದಾರ, ಕಬ್ಬಿಣದ ತಂತಿ ಬೇಡ. ನಾರು ಒಂದು ಮಳೆಗಾಲದಲ್ಲಿ ತಾನಾಗಿಯೇ ಕೊಳೆತು ಬೀಳುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ಮೊದಲ ಮಳೆಯ ಹೊತ್ತು ಇದಕ್ಕೆ ಅತ್ಯುತ್ತಮ. ದೀಪಾವಳಿಯ ನಂತರ ಕಟ್ಟಿದರೆ ಬೇರು ಬೆಳೆಯುವ ಕಾಲ ಮುಗಿದಿರುತ್ತದೆ, ಬೇಸಗೆಯಲ್ಲಿ ಒಣಗುತ್ತದೆ.

ತೋಟದವರು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ತಯಾರಿಯಲ್ಲಿದ್ದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕೊಳೆರೋಗ ತಡೆಯಲು ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯದೆ ಗತಿಯಿಲ್ಲ. ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಆರ್ಕಿಡ್‌ಗೆ ಒಗ್ಗುವುದಿಲ್ಲ. ಎಲೆ, ಬೇರಿನ ತುದಿ ಸುಟ್ಟಂತಾಗುತ್ತದೆ, ಜೊತೆಗೆ ಬೇರಿನ ಸುತ್ತ ಇರುವ ಶಿಲೀಂಧ್ರಕ್ಕೂ ಅದು ವಿಷ. ಅದಕ್ಕೇ ನಮ್ಮ ಗಿಡಗಳಿಗೆ ಅಡಿಕೆ ಸಾಲಿನಿಂದ ದೂರದ, ಮನೆಯ ಕಡೆಯ ಮಾವನ್ನು ಆರಿಸಿದ್ದು.

ಮೂರನೇ ದಿನ: ಸೀತಾನದಿ

ಹೆಬ್ರಿ ಪೇಟೆಯಲ್ಲಿ ಇಬ್ಬರು ಹೆಂಗಸರು ಬುಟ್ಟಿಯಲ್ಲಿ ಕಲ್ಲಣಬೆ ಇಟ್ಟುಕೊಂಡು ಕೂತಿದ್ದರು. ಮಣ್ಣು ಮೆತ್ತಿದ ಗೋಲಿಯಂಥ ಅಣಬೆ. ಎಲ್ಲಿ ಸಿಗುತ್ತದೆ ಎಂದರೆ, "ಕಿರಾಲ್‌ಬೋಗಿ ಮರದ ಬುಡದಲ್ಲಿ, ಗುಡುಗು ಬಂದ್ಮೇಲೆ. ಬೇರೆ ಮರದಡಿ ಎಷ್ಟು ಕೆರೆದ್ರೂ ಇಲ್ಲ" ಎಂದರು. ಈ ಉತ್ತರದಲ್ಲಿ ದೊಡ್ಡ ವಿಷಯ ಇದೆ. ಕಲ್ಲಣಬೆಯ ನೂಲು ಮರದ ಬೇರಿನ ತುದಿಗೆ ಸುತ್ತಿಕೊಂಡು ಅದಕ್ಕೆ ನೀರು, ಖನಿಜ ಒದಗಿಸುತ್ತದೆ; ಮರ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಅದಕ್ಕೆ ಕೊಡುತ್ತದೆ. ಕಿರಾಲ್‌ಬೋಗಿ, ಧೂಪದ ಮರಗಳ ಕುಟುಂಬವೇ ಇಂಥ ನಂಟಿಗೆ ಹೆಸರಾದದ್ದು.

ಸೋಮೇಶ್ವರ ಅಭಯಾರಣ್ಯದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೊಬ್ಬರು ಬರುತ್ತಾರೆ. ಇಲ್ಲಿ ಒಂದು ಎಲೆಯನ್ನೂ ಕೀಳುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ಮೊದಲ ಒಂದು ಗಂಟೆ ಫೋಟೋ ಇಲ್ಲ. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾ ಕಾಡಿನ ಹಬೆಗೆ ಮಂಜು ಹಿಡಿದು ಕೂತಿತು. ಒರೆಸಿದಷ್ಟೂ ಮತ್ತೆ ಮಂಜು. ಹೊರಡುವ ಅರ್ಧ ಗಂಟೆ ಮೊದಲು ಎಸಿ ಆರಿಸಿ, ಕ್ಯಾಮೆರಾವನ್ನು ಚೀಲದೊಳಗೇ ಬಿಟ್ಟು ಹೊರಗಿನ ಬಿಸಿಗೆ ಹೊಂದಿಸಿದ್ದರೆ ಇದು ಆಗುತ್ತಿರಲಿಲ್ಲ. ಉಂಬಳಗಳೂ ಎದ್ದಿದ್ದವು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೆ ಸ್ವಲ್ಪ ತಡೆಯುತ್ತದೆ, ಹೊಳೆ ದಾಟಿದ ಮೇಲೆ ಮತ್ತೆ ಹಚ್ಚಬೇಕು.

ನಡೆಯುತ್ತಾ ನಡೆಯುತ್ತಾ ಜೊತೆಗಿದ್ದ ಕಾವಲುಗಾರರು ಕೈಯಡ್ಡ ಹಿಡಿದರು. "ಕಾಲಿಡಬೇಡಿ, ಅಲ್ಲುಂಟು." ದರಲೆಗಳ ನಡುವೆ ಗೇಣುದ್ದದ ಒಂದು ಕಡ್ಡಿ, ಅದರ ತುದಿಯಲ್ಲಿ ತಲೆ ತಗ್ಗಿಸಿದ ಮಾಸಲು ಹಸಿರು ಹೂಗಳು. ಬುಡದಲ್ಲಿ ಎಲೆಯೇ ಇಲ್ಲ. ನೆಲದಲ್ಲಿ ಬೆಳೆಯುವ ಆರ್ಕಿಡ್, ನರ್ವಿಲಿಯಾ. ನೆಲದಡಿಯ ಗಡ್ಡೆಯಿಂದ ಮೊದಲ ಮಳೆಗೆ ಹೂವಿನ ಕಡ್ಡಿ ಮಾತ್ರ ಬರುತ್ತದೆ. ಹೂ ಬಾಡಿದ ಮೇಲೆ, ಮಳೆಗಾಲ ಹಿಡಿದಾಗ, ಹೃದಯದಾಕಾರದ ಒಂದೇ ಒಂದು ಎಲೆ. ಮಲಯಾಳದವರು ಅದಕ್ಕೇ ಓರಿಲತ್ತಾಮರ, ಒಂದೆಲೆಯ ತಾವರೆ ಎನ್ನುತ್ತಾರೆ. ಆ ಒಂದು ಎಲೆ ಮಳೆಗಾಲದಲ್ಲಿ ದುಡಿದು ಗಡ್ಡೆ ತುಂಬಿಸಿ, ಮಳೆ ಬಿಟ್ಟ ಮೇಲೆ ಬಾಡುತ್ತದೆ. ಹೂವೂ ಎಲೆಯೂ ಒಂದನ್ನೊಂದು ನೋಡುವುದಿಲ್ಲ. ಮೇ ತಿಂಗಳಲ್ಲಿ ಕಂಡ ಹೂವನ್ನು ಗುರುತು ಮಾಡಿಟ್ಟು ಆಗಸ್ಟ್‌ನಲ್ಲಿ ಮತ್ತೆ ಬಂದರೆ ಮಾತ್ರ ಇಡೀ ಗಿಡ ನೋಡಿದಂತೆ. ಆಗ ಬಂದರೆ ಬಯಲು ಜಾಗಗಳಲ್ಲಿ ಹ್ಯಾಬನೇರಿಯಾ ಎಂಬ ನೆಲದ ಆರ್ಕಿಡ್‌ಗಳ ಬಿಳಿ ಹೂವೂ ಸಿಗುತ್ತದೆ. ಅವುಗಳಲ್ಲಿ ಕೆಲವಕ್ಕೆ ಹೂವಿನ ಹಿಂದೆ ಉದ್ದನೆ ಕೊಳವೆ, ಅದರ ತಳದ ಮಕರಂದ ಉದ್ದ ಸೊಂಡಿಲಿನ ರಾತ್ರಿ ಪತಂಗಕ್ಕೆ ಮಾತ್ರ ಎಟಕುವಂಥದ್ದು.

ಮರದ ಮೇಲಿನ ಸೀತಾಳೆಗೂ ನೆಲದ ನರ್ವಿಲಿಯಾಕ್ಕೂ ಬದುಕಿನ ಶುರು ಒಂದೇ. ಆರ್ಕಿಡ್ ಬೀಜ ಧೂಳಿನಂತೆ. ತೆಂಗಿನಕಾಯಿಯಲ್ಲಿ ಮೊಳಕೆಗೆ ತಿರುಳಿದೆ, ಭತ್ತದಲ್ಲಿ ಅಕ್ಕಿ ಇದೆ. ಆರ್ಕಿಡ್ ಬೀಜದಲ್ಲಿ ಬುತ್ತಿಯೇ ಇಲ್ಲ. ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರದ ನೂಲು ಬಂದು ಬೀಜದೊಳಗೆ ಹೊಕ್ಕರೆ ಮಾತ್ರ ಮೊಳಕೆ. ನೂಲು ಜೀವಕೋಶದೊಳಗೆ ಸುರುಳಿ ಸುತ್ತುತ್ತದೆ. ಆ ಸುರುಳಿಯನ್ನೇ ಗಿಡ ಕರಗಿಸಿ ಉಣ್ಣುತ್ತದೆ. ಮತ್ತೆ ಹೊಸ ಸುರುಳಿ, ಮತ್ತೆ ಊಟ. ಎಲೆ ಬರುವ ಮೊದಲು ಸಾಸಿವೆಗಾತ್ರದ ಉಂಡೆಯಾಗಿ ಇದೇ ಊಟದಲ್ಲಿ ಉಳಿಯುತ್ತದೆ. ಇದನ್ನು ಮೊದಲು ಕಂಡದ್ದು ಫ್ರಾನ್ಸಿನ ನೋಯೆಲ್ ಬರ್ನಾರ್, 1899ರಲ್ಲಿ. ಅದಕ್ಕೂ ಮೊದಲು ಬೀಜ ಬಿತ್ತಿದ ತೋಟಗಾರರಿಗೆ ಕೆಲವೊಮ್ಮೆ ಮೊಳೆತದ್ದೇಕೆ, ಹೆಚ್ಚಿನ ಸಲ ಮೊಳೆಯದ್ದೇಕೆ ತಿಳಿದಿರಲಿಲ್ಲ.

ಈ ಶಿಲೀಂಧ್ರಗಳಲ್ಲಿ ಮುಖ್ಯವಾದವು ಟುಲಾಸ್ನೆಲ್ಲಾ, ಸೆರಟೊಬಸಿಡಿಯಂ ಗುಂಪಿನವು. ಗದ್ದೆಯವರಿಗೆ ಇವುಗಳ ನೆಂಟನ ಪರಿಚಯ ಚೆನ್ನಾಗಿಯೇ ಇದೆ. ಭತ್ತದ ಎಲೆಕವಚ ಒಣಗಿಸುವ ರೈಜೋಕ್ಟೋನಿಯಾ ಸೆರಟೊಬಸಿಡಿಯಂನ ಹತ್ತಿರದ ಸಂಬಂಧಿ. ಅಲ್ಲಿ ಬೆಳೆ ತಿನ್ನುವ ಕುಟುಂಬ, ಇಲ್ಲಿ ಮಾವಿನ ತೊಗಟೆಯ ಬಿರುಕಿನಲ್ಲಿ ಕೊಳೆಯುವುದನ್ನು ತಿಂದುಕೊಂಡು ಸೀತಾಳೆಯ ಮರಿಗೆ ಉಣಿಸುತ್ತದೆ.

ಕಾವಲುಗಾರರು ಇನ್ನೊಂದು ಮಾತು ಹೇಳಿದರು. "ಮಳೆಗಾಲ ಅರ್ಧ ಆದ್ಮೇಲೆ ಧೂಪದ ಮರದ ಹತ್ರ ಒಂದು ಕಡ್ಡಿ ಬರ್ತದೆ. ಎಲೆ ಇಲ್ಲ, ಹಸಿರೇ ಇಲ್ಲ. ಹೂವಾದ್ಮೇಲೆ ಕಾಣುದೇ ಇಲ್ಲ." ಅವರ ವರ್ಣನೆ ಆಫಿಲೋರ್ಕಿಸ್ ಮೊಂಟಾನಾಕ್ಕೆ ಹೊಂದುತ್ತದೆ. ಪಶ್ಚಿಮಘಟ್ಟದಲ್ಲಿರುವ ಎಲೆಯಿಲ್ಲದ ಆರ್ಕಿಡ್ ಅದು, ಜೀವನಪೂರ್ತಿ ಶಿಲೀಂಧ್ರದ ಅನ್ನದಲ್ಲೇ ಬದುಕುವುದು. ಥಾಯ್ಲೆಂಡಿನ ಕಾಡುಗಳಲ್ಲಿ ಇದರ ಬೇರು ಪರೀಕ್ಷಿಸಿದಾಗ ಸಿಕ್ಕಿದ್ದು ಧೂಪದ ಮರದ ಕುಟುಂಬದ ಬೇರುಗಳಿಗೆ ಸುತ್ತಿಕೊಳ್ಳುವಂಥ ಶಿಲೀಂಧ್ರಗಳೇ. ಅಂದರೆ ಮರ ಶಿಲೀಂಧ್ರಕ್ಕೆ ಕೊಟ್ಟ ಸಕ್ಕರೆಯನ್ನು ಈ ಗಿಡ ನೆಲದಡಿಯಲ್ಲಿ ಪಡೆಯುತ್ತದೆ. ಬೆಳಿಗ್ಗೆ ಪೇಟೆಯಲ್ಲಿ ಆ ಹೆಂಗಸರು ಕಲ್ಲಣಬೆಯ ಬಗ್ಗೆ ಹೇಳಿದ ನಂಟಿಗೆ ಮೂರನೆಯವನೊಬ್ಬ ಸೇರಿದಂತೆ. ಭಾರತದಲ್ಲಿ 2019ರ ಪಟ್ಟಿಯ ಪ್ರಕಾರ 1256 ಜಾತಿಯ ಆರ್ಕಿಡ್‌ಗಳಿವೆ, ಅದರಲ್ಲಿ 388 ಬೇರೆಲ್ಲೂ ಇಲ್ಲದವು. ಎಲೆಯಿಲ್ಲದೆ ಶಿಲೀಂಧ್ರವನ್ನೇ ನಂಬಿದವು 43. ಇಂಥವನ್ನು ಕುಂಡಕ್ಕೆ ತಂದು ಬದುಕಿಸುವುದು ಬಹಳ ಕಷ್ಟ. ಆಫಿಲೋರ್ಕಿಸ್‌ನಂಥದ್ದಕ್ಕೆ ಕಾಡಿನ ನೆಲವನ್ನೇ, ಮರದ ಸಮೇತ, ತರಬೇಕಾಗುತ್ತದೆ.

ಸಂಜೆ ಸೀತಾನದಿಯ ನೀರು ಕೆಂಪಗಾಗಿತ್ತು. ಘಟ್ಟದ ಮೇಲೆ ಮಳೆ ಬಿದ್ದಿದೆ ಎಂದರು.

ನಾಲ್ಕನೇ ದಿನ: ಮರಳಿ ಹಿರಿಯಡಕ

ರಾತ್ರಿಯಿಡೀ ಬಿಡದೆ ಸುರಿದಿತ್ತು. ಆಗುಂಬೆಗೆ ಹತ್ತುವ ಯೋಚನೆ ಬಿಟ್ಟು ಬಂದ ದಾರಿಯಲ್ಲೇ ಇಳಿದೆವು. ದಾರಿಯ ನರ್ಸರಿಯೊಂದರಲ್ಲಿ ನೇರಳೆ, ಬಿಳಿ ಬಣ್ಣದ ಮಿಶ್ರತಳಿ ಡೆಂಡ್ರೋಬಿಯಂ ಆರ್ಕಿಡ್‌ಗಳು ಸಾಲಾಗಿ ನಿಂತಿದ್ದವು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಲೋಳೆಯಲ್ಲಿ ಬೀಜ ಮೊಳೆಸಿ ತೋರಿಸಿದ ಮೇಲೆ ಬೆಳೆದ ಉದ್ಯಮ ಇದು. ಮನೆಯಲ್ಲಿ ಆರ್ಕಿಡ್ ಬೇಕೆನ್ನುವವರು ಇಂಥದ್ದನ್ನೇ ಕೊಳ್ಳುವುದು ಒಳ್ಳೆಯದು. ಪ್ರಯೋಗಾಲಯದ ಬಾಟಲಿಯಲ್ಲಿ ಹುಟ್ಟಿ ಕುಂಡದಲ್ಲಿ ಬೆಳೆದ ಗಿಡ ಅದು, ಕಾಡಿನ ಯಾವ ನಂಟನ್ನೂ ಕಡಿದು ತಂದದ್ದಲ್ಲ.

ಕಾಟುಮಾವಿನ ಕೆಳಗೆ ರಸ್ತೆಯೆಲ್ಲ ಬಿಳಿ–ನೇರಳೆ. ಏಳು ದಂಡೆಗಳಲ್ಲಿ ಎರಡು ಪೂರ್ತಿ ಬೋಳಾಗಿದ್ದವು. ಉಳಿದವುಗಳನ್ನು ಬೈನಾಕ್ಯುಲರ್‌ನಲ್ಲಿ ಒಂದೊಂದಾಗಿ ಎಣಿಸಿದಾಗ, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಒಂದು ಹೂ ಬಾಡಿಯೂ ಉದುರದೆ, ಹಿಂದಿನ ತೊಟ್ಟು ದಪ್ಪಗಾಗಿ ಹಸಿರಾಗಿತ್ತು. ಆ ನಾಲ್ಕಕ್ಕೆ ಹುಳ ಬಂದಿತ್ತು. ಕೆಳಗೆ ಬಿದ್ದ ಒಣಕೊಂಬೆಯಲ್ಲಿ ಹೋದ ವರ್ಷದ ಒಂದು ಕಾಯಿ, ಉದ್ದಕ್ಕೆ ಮೂರು ಕಡೆ ಬಿರಿದದ್ದು. ಅಂಗೈಗೆ ತಟ್ಟಿದರೆ ಒಳಗೆ ಉಳಿದಿದ್ದ ಹಳದಿ ಧೂಳು ಉದುರಿತು, ಉಸಿರಿಗೇ ಹಾರಿಹೋಯಿತು.

ಗೂಡಂಗಡಿಯವರು ನಾವು ಕೊಟ್ಟ ಗಿಡವನ್ನು ಪೈಂಟ್ ಡಬ್ಬಿಯಲ್ಲಿ ಮಣ್ಣು, ಸೆಗಣಿ ಗೊಬ್ಬರ ತುಂಬಿ ನೆಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಬೇರು ಆಗಲೇ ಒಂದು ಕಡೆ ಮೆತ್ತಗಾಗಿತ್ತು. ಗಾಳಿಯಲ್ಲಿ ಒದ್ದೆಯಾಗಿ ಒಣಗಿ ಅಭ್ಯಾಸವಾದ ಬೇರು ಒದ್ದೆ ಮಣ್ಣಿನಲ್ಲಿ ಉಸಿರುಗಟ್ಟಿ ಕೊಳೆಯುತ್ತದೆ. ಹೊರತೆಗೆದು, ಮಳೆನೀರಿನಲ್ಲಿ ತೊಳೆದು, ಮೆತ್ತಗಾದ ಎರಡು ಬೇರು ಕತ್ತರಿಸಿ, ಅಂಗಡಿಯ ಹಿಂದಿನ ಹಲಸಿಗೆ ಕಟ್ಟಿದೆವು. ಹಗ್ಗ ಬಿಗಿದದ್ದು ಅವರೇ.

"ಬರುವ ಪತ್ತನಾಜೆಗೆ ಹೂ ಬರ್ತದಾ?"

"ಬರುವ ವರ್ಷ ಕಷ್ಟ ಅಣ್ಣ. ಈ ಮಳೆಗಾಲ ಬೇರು ಹಿಡೀಬೇಕು. ಅದರ ಮುಂದಿನ ವರ್ಷ ನೋಡಿ."

ಅವರು ಡಬ್ಬಿಯ ಮಣ್ಣನ್ನು ಬಸಳೆ ಬುಡಕ್ಕೆ ಸುರಿದು, ಉಳಿದ ಹಗ್ಗವನ್ನು ಮಾಡಿಗೆ ಸಿಕ್ಕಿಸಿಟ್ಟರು.